ಕೆನ್ನೆಗೆ ಕೈಕೊಟ್ಟ ರಾಣಿಯ ಬೆನ್ನು

ಎಡಿನ್‌ಬರ್ಗಿನಲ್ಲಿ ನಮ್ಮ ಎದುರು ಮನೆಯ ಹಿರಿಯರು ಹಲ್ಲಿನ ಸೆಟ್ಟು ತಯಾರಿಸುವ ಕಸುಬಿನಿಂದ ನಿವೃತ್ತರಾದವರು. ಜೀವಮಾನವಿಡೀ ಕಂಡವರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದವರು ಈಗ ಲೂಯಿಸ್ ಚದುರಂಗದ ಕಾಯಿಗಳನ್ನು ಎರಕ ಹೊಯ್ಯುತ್ತಾರೆ. ಮೂಲ ಕಾಯಿಗಳು ಬಹುಪಾಲು ವಾಲ್ರಸ್‌ನ ಕೋರೆಹಲ್ಲಿನವು, ಕೆಲವು ತಿಮಿಂಗಿಲದ ಹಲ್ಲಿನವು. ಆದ್ದರಿಂದ ತಾವು ಕಸುಬು ಬಿಟ್ಟೇ ಇಲ್ಲ ಎಂಬುದು ಅವರ ವಾದ. ಮಳೆ ಬಿಡುವ ಲಕ್ಷಣವೇ ಇಲ್ಲದ ಒಂದು ಶನಿವಾರ ಕೈಜೋಡಿಸಲು ನನ್ನನ್ನೂ ಕರೆದರು.

ಈ ಕಾಯಿಗಳು ಬೆಳಕಿಗೆ ಬಂದದ್ದು 1831ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ. ಕೆತ್ತಿದ್ದು ಹನ್ನೆರಡನೇ ಶತಮಾನದಲ್ಲಿ, ಬಹುಶಃ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ. ಆ ನಿಧಿಯ 93 ವಸ್ತುಗಳಲ್ಲಿ 82 ಬ್ರಿಟಿಷ್ ಮ್ಯೂಸಿಯಂ ಪಾಲಾದವು; 11 ನಮ್ಮೂರಿನ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿ ಎಲ್ಲರೂ ನೋಡುವುದು ಮುಖಗಳನ್ನೇ. ಕೆನ್ನೆಗೆ ಕೈಕೊಟ್ಟು ಕುಳಿತ ರಾಣಿ, ತೊಡೆಯ ಮೇಲೆ ಅಡ್ಡಕ್ಕೆ ಕತ್ತಿ ಇಟ್ಟುಕೊಂಡ ರಾಜ. ಕಾಲಾಳುಗಳಿಗೆ ಮಾತ್ರ ಮುಖವೇ ಇಲ್ಲ, ಬರಿಯ ಗಡಿಕಲ್ಲುಗಳು.

ಪ್ಲಾಸ್ಟರ್ ಕಲಸುವುದಕ್ಕೂ ಕ್ರಮವಿದೆ. ಮೊದಲು ನೀರು, ಆಮೇಲೆ ಪುಡಿ. ಪುಡಿಯನ್ನು ಉದುರಿಸಿ, ತಾನಾಗಿ ನೆನೆಯಲು ಬಿಟ್ಟು, ಗುಳ್ಳೆ ಏಳದಂತೆ ನಿಧಾನವಾಗಿ ತಿರುವಬೇಕು. ರಬ್ಬರ್ ಅಚ್ಚಿನ ಸಂದುಗೊಂದುಗಳಿಗೆ ಮೊದಲು ಕುಂಚದಿಂದ ಬಳಿದು, ನಂತರ ಸುರಿದು, ಮೇಜಿಗೆ ತಟ್ಟಬೇಕು. ಗಟ್ಟಿಯಾಗುವಾಗ ಅಚ್ಚು ಅಂಗೈಯಲ್ಲಿ ಬೆಚ್ಚಗಾಗುತ್ತದೆ. ಆ ಚಳಿಯಲ್ಲಿ ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ.

ನಮ್ಮಲ್ಲಿ ಆನೆ ನಿಲ್ಲುವ ಮೂಲೆಯಲ್ಲಿ ಇಲ್ಲಿ ಭಟ ನಿಲ್ಲುತ್ತಾನೆ. ಅವರಲ್ಲಿ ಕೆಲವರು ರಣಾವೇಶದಲ್ಲಿ ತಮ್ಮ ಗುರಾಣಿಯನ್ನೇ ಕಚ್ಚಿಕೊಂಡಿದ್ದಾರೆ. ನಮ್ಮ ಭಟನ ಮುಂಬಲ್ಲಿನ ಜಾಗದಲ್ಲೇ ಗುಳ್ಳೆ ಒಡೆದು ತೂತಾಗಿತ್ತು. ಹಿರಿಯರು ಹಳೆಯ ಕಡ್ಡಿಯೊಂದನ್ನು ತೆಗೆದು, ಸಾಸಿವೆಯಷ್ಟು ಪ್ಲಾಸ್ಟರ್ ಮೆತ್ತಿ, ಹಲ್ಲು ಕಟ್ಟಿಯೇಬಿಟ್ಟರು. ಬಣ್ಣದ ವಿಷಯದಲ್ಲಿ ಮಾತ್ರ ನಮಗೆ ಹೊಂದಲಿಲ್ಲ. ಅವರಿಗೆ ಚಹಾದ ಡಿಕಾಕ್ಷನ್ ಬಳಿದು ಹಳತಾಗಿಸುವ ಆಸೆ; ನನಗೆ ಈ ಸುಳ್ಳು ಮುಪ್ಪು ಸೇರುವುದಿಲ್ಲ. ಮೂಲ ಕಾಯಿಗಳಲ್ಲಿ ಕೆಲವು ಸಿಕ್ಕಾಗ ಕೆಂಪಾಗಿದ್ದವಂತೆ. ಹಾಗಿದ್ದರೆ ಕೆಂಪನ್ನೇ ಹಚ್ಚೋಣ ಎಂದೆ. ಕೇಳಿಸದವರಂತೆ ಚಹಾ ಕುದಿಸಿದರು.

ಕುದಿಯುವಷ್ಟರಲ್ಲಿ ಇನ್ನೊಂದು ಕಥೆ ಹೇಳಿದರು. 1964ರಲ್ಲಿ ಎಡಿನ್‌ಬರ್ಗಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು 5 ಪೌಂಡಿಗೆ ಕೊಂಡ ಪುಟ್ಟ ಭಟ ಲೂಯಿಸ್ ಗುಂಪಿನವನೇ ಎಂದು ಗೊತ್ತಾಗಿ, 2019ರಲ್ಲಿ 7,35,000 ಪೌಂಡಿಗೆ ಹರಾಜಾದ. ಅಂದಿನಿಂದ ಹಿರಿಯರು ಒಂದೂ ಗುಜರಿ ಅಂಗಡಿ ಬಿಟ್ಟಿಲ್ಲ.

ಅಚ್ಚಿನಿಂದ ರಾಣಿಯನ್ನು ಬಿಡಿಸಿದಾಗ ಕೈಗೆ ಮೊದಲು ಹತ್ತಿದ್ದು ಅವಳ ಬೆನ್ನು. ಸಿಂಹಾಸನದ ಹಿಂಬದಿಯ ತುಂಬ ಸುರುಳಿ ಸುರುಳಿಯಾಗಿ ಬಳ್ಳಿ, ಎಲೆ. ಯಾರೂ ನೋಡದ ಕಡೆ ಇಷ್ಟೇಕೆ ದುಡಿದರೋ ಎಂದುಕೊಂಡೆ. ಆ ದಿನದ ಕಾಯಿಗಳು ಒಣಗಲು ಇನ್ನೂ ಸಮಯ ಬೇಕಿದ್ದುದರಿಂದ ಮೊದಲೇ ಮಾಡಿಟ್ಟಿದ್ದ ಜೊತೆಯಲ್ಲಿ ಆಟಕ್ಕೆ ಕುಳಿತೆವು. ಹೂಡಿ ನೋಡುತ್ತೇನೆ, ಅವರ ರಾಣಿ ನನ್ನನ್ನು ದಿಟ್ಟಿಸುತ್ತಿದ್ದಾಳೆ; ನನ್ನ ರಾಣಿ, ರಾಜರೆಲ್ಲ ನನಗೆ ಬೆನ್ನು ಹಾಕಿ ಕುಳಿತಿದ್ದಾರೆ. ಆಟ ಮುಗಿಯುವವರೆಗೂ ಆಟಗಾರ ನೋಡಬೇಕಾದದ್ದು ಆ ಬಳ್ಳಿಗಳನ್ನೇ. ಗಾಜಿನ ಪೆಟ್ಟಿಗೆಯ ಮುಂದೆ ಇದು ಹೊಳೆದಿರಲೇ ಇಲ್ಲ.

ಅವರ ಭಟ ನನ್ನ ಕುದುರೆಯನ್ನು ಹೊಡೆದ ಭರಕ್ಕೆ ಅವನ ಗುರಾಣಿಯ ಅಂಚು ಚಕ್ಕೆ ಎದ್ದಿತು. ಹಿರಿಯರು ಡಬ್ಬಿಯಿಂದ ಇನ್ನೊಬ್ಬ ಭಟನನ್ನು ತೆಗೆದಿಟ್ಟು, ನಡೆಯಿರಿ ಎಂದರು.