ಜೂನೋ ರಸ್ತೆಯ ಹಾವು

"ಹಾವು ನೋಡೋಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಅಂತ ಅಮ್ಮ ಫೋನಿನಲ್ಲಿ ಕೇಳಿದಳು. ತೀರ್ಥಹಳ್ಳಿಯ ನಮ್ಮ ಮನೆ ಹಿತ್ತಲಿಗೆ ಕರೆಯದೇ ಬರುತ್ತವೆ, ಅವಳು ಕೇಳಿದ್ದು ತಪ್ಪೇನಲ್ಲ.

ತಮ್ಮ ಇರುವುದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ. ಮೊದಲ ವಾರ ಊರು ಸುತ್ತಿದೆವು. ಅಲಾಮೋ ಎಂಬ ಹಳೇ ಕೋಟೆ ನೋಡಿದೆ. ಕವಲೇದುರ್ಗ ಹತ್ತಿದವರಿಗೆ ಅದೇನೂ ಅಲ್ಲ. ಆಮೇಲೆ ತಮ್ಮನ ಪಕ್ಕದ ಮನೆಯ ಹಿರಿಯರೊಬ್ಬರು, ನಿವೃತ್ತ ಮೇಷ್ಟ್ರು, "ಅಮಾವಾಸ್ಯೆ ಹತ್ತಿರ ಬಂತು, ಹಾವು ನೋಡಲು ಬರ್ತೀರಾ?" ಎಂದರು. ಬೂದು ಪಟ್ಟೆಯ ಕಿಂಗ್‌ಸ್ನೇಕ್ ಹುಡುಕುವುದು ಅವರ ಬಹಳ ವರ್ಷಗಳ ಹುಚ್ಚು.

ಕಿಂಗ್ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಕಾಳಿಂಗ. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಇದಕ್ಕೆ ವಿಷವೇ ಇಲ್ಲ, ಸುತ್ತಿ ಹಿಸುಕಿ ಕೊಲ್ಲುತ್ತದೆ. ಬೇರೆ ಹಾವುಗಳನ್ನು ತಿನ್ನುವುದರಿಂದ ಇಬ್ಬರಿಗೂ ರಾಜಪಟ್ಟ. ಅದರಲ್ಲೂ ಬೂದು ಪಟ್ಟೆಯದು ಬಡ ರಾಜ, ಜಾಸ್ತಿ ತಿನ್ನುವುದು ಹಲ್ಲಿಗಳನ್ನೇ.

ಡೆಲ್ ರಿಯೋ ದಾಟಿ ಕಾಮ್‌ಸ್ಟಾಕ್ ಎಂಬ ಪುಟ್ಟ ಊರು. ಅಲ್ಲಿಂದ ಉತ್ತರಕ್ಕೆ ಹೋಗುವ 163ನೇ ಹೆದ್ದಾರಿಗೆ ಹಾವಿನವರೆಲ್ಲ ಹೇಳುವುದು ಜೂನೋ ರಸ್ತೆ ಅಂತ. ಬೆಟ್ಟ ಕಡಿದು ರಸ್ತೆ ಮಾಡಿದ ಕಡೆ ಎರಡೂ ಬದಿಗೆ ಸುಣ್ಣಕಲ್ಲಿನ ಗೋಡೆ. ನಮ್ಮ ಕಡೆ ಧರೆ ಅನ್ನುತ್ತೇವಲ್ಲ, ಅದೇ. ಆದರೆ ಪಾಚಿಯಿಲ್ಲ, ಜಿಗಣೆಯಿಲ್ಲ, ಒಂದು ಹನಿ ನೀರಿಲ್ಲ. ಈ ಹಾವು ಬದುಕಿನ ಬಹುಪಾಲು ಬಂಡೆಯ ಬಿರುಕಿನೊಳಗೇ ಕಳೆಯುತ್ತದೆ. ರಾತ್ರಿ ಹೊತ್ತು ಧರೆಗಳ ಮೇಲೆ ಬೆಳಕು ಬಿಟ್ಟು ಹುಡುಕಲು ಶುರುಮಾಡುವವರೆಗೂ ಇದು ತೀರಾ ಅಪರೂಪದ್ದು ಅಂತಲೇ ಎಲ್ಲರೂ ನಂಬಿದ್ದರಂತೆ.

ಮೊದಲ ರಾತ್ರಿ ಸಿಕ್ಕಿದ್ದು ಚೇಳು, ಬರೀ ಚೇಳು. ಮೂರು ಗಂಟೆಗೆ ವಾಪಸು ಬಂದರೆ ಮೋಟೆಲಿನ ಕೀ ಕಾರ್ಡು ಕೆಲಸ ಮಾಡಲಿಲ್ಲ, ಆಫೀಸಿಗೆ ಬೀಗ. ಕಾರಿನಲ್ಲೇ ಮಲಗಿದೆವು. ದುಡ್ಡು ಮಾತ್ರ ಪೂರ್ತಿ ಹಿಡಿದರು! ನೀವು ಹೋಗುವುದಾದರೆ ರಾತ್ರಿ ತಡವಾಗುತ್ತದೆ ಅಂತ ಮೊದಲೇ ಹೇಳಿ, ಆಫೀಸು ಮುಚ್ಚುವ ಮುಂಚೆ ಕಾರ್ಡು ಒಮ್ಮೆ ಹಾಕಿ ನೋಡಿ. ಪೆಟ್ರೋಲನ್ನು ಡೆಲ್ ರಿಯೋದಲ್ಲೇ ತುಂಬಿಸಿಕೊಳ್ಳಿ.

ಎರಡನೇ ರಾತ್ರಿ ಸೆಖೆ ಇತ್ತು, ಗಾಳಿಯಲ್ಲಿ ಪಸೆ ಇತ್ತು. ಬೂದು ಮೈ, ಕಪ್ಪು ಪಟ್ಟೆ, ಧರೆಯ ಬುಡದಲ್ಲಿ. "ಸಿಕ್ತು!" ಅಂತ ಮುಂದೆ ಹೋದೆ. ಮೇಷ್ಟ್ರು ಅಡ್ಡ ಕೈ ಇಟ್ಟರು. ಬಾಲದ ತುದಿಯಲ್ಲಿ ಪುಟ್ಟ ಗಿಲಕಿ. ಅದು ಬಂಡೆಗಳ ರ‍್ಯಾಟಲ್ ಸ್ನೇಕ್, ವಿಷದ್ದು, ಅದೇ ಕಲ್ಲುಗಳಲ್ಲಿ ಇರುವಂಥದ್ದು. ವಿಷವಿಲ್ಲದ ತೋಳ ಹಾವನ್ನು ವಿಷದ ಕಟ್ಟು ಹಾವು ಅಂದುಕೊಂಡು ಹೊಡೆದು ಹಾಕುವ ಊರಿನವನು ನಾನು. ಇಲ್ಲಿ ಮಾಡಿದ್ದು ಅದರ ಉಲ್ಟಾ ತಪ್ಪು.

ನಿಜವಾದದ್ದು ಸಿಕ್ಕಿದ್ದು ಒಂದು ಗಂಟೆಯ ಮೇಲೆ. ಎದೆಯೆತ್ತರದ ಬಿರುಕಿನಿಂದ ಅರ್ಧ ಹೊರಗಿತ್ತು. ಮೈ ಹೊಗೆಯ ಬೂದು. ಅದರ ಮೇಲೆ ಅಗಲವಾದ ಕಿತ್ತಳೆ ಪಟ್ಟೆಗಳು, ಪ್ರತಿಯೊಂದಕ್ಕೂ ಕಪ್ಪು ಅಂಚು, ಕಪ್ಪಿನಾಚೆ ನೂಲಿನಷ್ಟು ಬಿಳಿ. ಇಳಕಲ್ ಸೀರೆಯ ಅಂಚನ್ನು ಯಾರೋ ಅಡ್ಡಡ್ಡ ಕತ್ತರಿಸಿ ಜೋಡಿಸಿದ ಹಾಗೆ. ಕಣ್ಣು ದೊಡ್ಡವು, ಪಾಪೆ ದುಂಡು.

"ಇದು ಯಾವ ಬಗೆ?" ಎಂದೆ.

"ಜೂನೋ ರಸ್ತೆಯದು."

"ಅಲ್ಲ ಸರ್, ಬಗೆ?"

"ಅದೇ ಹೇಳಿದೆನಲ್ಲ."

ಕಾರಿನ ಬಾನೆಟ್ಟಿಗೆ ಒರಗಿಕೊಂಡು ವಿವರಿಸಿದರು. ಈ ಹಾವಿಗೆ 1901ರಲ್ಲಿ ಹೆಸರಿಟ್ಟರು, ಟೆಕ್ಸಾಸಿನ ಡೇವಿಸ್ ಬೆಟ್ಟಗಳಲ್ಲಿ ಸಿಕ್ಕಿದ್ದಕ್ಕೆ. ಅದಕ್ಕೆ ಸಪೂರ ಕಪ್ಪು ಪಟ್ಟೆ. 1950ರಲ್ಲಿ ಅಗಲ ಪಟ್ಟೆಯದನ್ನು ಬೇರೆಯೇ ಪ್ರಭೇದ ಅಂತ ಮಾಡಿ ಬ್ಲೇರಿ ಎಂದರು. ಕೊನೆಗೆ ನೋಡಿದರೆ ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಥರದ ಮರಿಗಳು! ಪ್ರಭೇದ ಒಂದೇ ಆಯಿತು. ಪೂರ್ವದ ಕಡೆ ಅಗಲ ಪಟ್ಟೆ ಜಾಸ್ತಿ, ಪಶ್ಚಿಮಕ್ಕೆ ಹೋದಂತೆ ಸಪೂರ. ಪಶ್ಚಿಮ ಟೆಕ್ಸಾಸ್, ನ್ಯೂ ಮೆಕ್ಸಿಕೋದ ದಕ್ಷಿಣದ ಅಂಚು, ಗಡಿಯಾಚೆ ಮೆಕ್ಸಿಕೋದ ಒಣ ಬೆಟ್ಟಗಳು, ಇಷ್ಟು ಇದರ ಸೀಮೆ. ಅದರೊಳಗೆ ಯಾವ ಧರೆಯದು ಅಂತ ಗೊತ್ತಿಲ್ಲದ ಹಾವಿಗೆ ಇವರ ಪುಸ್ತಕದಲ್ಲಿ ಜಾಗವಿಲ್ಲ.

"ನಮ್ಮಲ್ಲಿ ಉಲ್ಟಾ ಆಯ್ತು," ಎಂದೆ. ಒಂದೇ ಅಂದುಕೊಂಡಿದ್ದ ಕಾಳಿಂಗ 2024ರಲ್ಲಿ ನಾಲ್ಕು ಪ್ರಭೇದವಾಯಿತು. ಪಶ್ಚಿಮ ಘಟ್ಟದ್ದಕ್ಕೆ ವಿಜ್ಞಾನದ ಹೆಸರೇ ಓಫಿಯೋಫೇಗಸ್ ಕಾಳಿಂಗ, ನಮ್ಮ ಮಾತಿನ ಹೆಸರು. ಮೇಷ್ಟ್ರು ಮೂರು ಸಲ ಹೇಳಿ ನೋಡಿದರು. ಅವರ ಬಾಯಲ್ಲಿ 'ಳ' ಹೊರಳಲೇ ಇಲ್ಲ.

"ನೀವು ನೋಡಿದ್ದೀರಾ?"

"ಒಂದೇ ಸಲ, ಚಿಕ್ಕವನಿದ್ದಾಗ."

"ಯಾವ ರಸ್ತೆ?"

"ಆಗುಂಬೆ–ತೀರ್ಥಹಳ್ಳಿ ರಸ್ತೆ."

ಜೇಬಿನಿಂದ ಪುಸ್ತಕ ತೆಗೆದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಬರೆದುಕೊಂಡರು. ಆಗುಂಬೆಯ ಕಾಗುಣಿತ ಎರಡು ಸಲ ಕೇಳಿದರು. ಅಷ್ಟರಲ್ಲಿ ತಮ್ಮ, "ಅಣ್ಣಾ, ಹೋಯ್ತು ನೋಡು," ಎಂದ. ಬಿರುಕಿನ ಹೊರಗೆ ಉಳಿದದ್ದು ಕೊನೆಯ ಒಂದು ಪಟ್ಟೆ. ನೋಡುತ್ತಿದ್ದಂತೆ ಅದೂ ಒಳಗೆ ಹೋಯಿತು.