ಕೊನೆಗೂ ಅಂಚು ದಾರಿಗೆ ಬಂತು

ಹಾಸ್ಟೆಲ್ ಹುಡುಗರ ಟೆಲಿಸ್ಕೋಪಿಗೆ ನಾವೇ ಉಜ್ಜುತ್ತಿರುವ ಆರಿಂಚಿನ ಕನ್ನಡಿಯ ಬಾಗಿದ್ದ ಅಂಚು ಎದ್ದಿದೆ! ಪೂರ್ತಿ ಅಲ್ಲ, ಆದರೆ ಶನಿಯ ಬಳೆ ನೋಡಲು ಧಾರಾಳವಾಗಿ ಸಾಕು.

ಗಾಜಿನ ಮೇಲೆ ಗಾಜು ತಿಕ್ಕಿ ತಗ್ಗು ಮಾಡುವ ಉಜ್ಜಾಟದ ಬಗ್ಗೆ ಬರೆಯುವುದಿಲ್ಲ, ನಿಮಗೆಲ್ಲ ಗೊತ್ತಿರುವುದೇ. 150 ಮಿ.ಮೀ. ಗಾಜು, ಎಫ್/8, ಅಂದರೆ ನಾಭಿದೂರ ಅಗಲದ ಎಂಟರಷ್ಟು. ತಗ್ಗನ್ನು ಪ್ಯಾರಾಬೋಲದ ಆಕಾರಕ್ಕೆ ತಿದ್ದುವ ತಲೆನೋವೇ ಬೇಡ, ಗೋಳದ ಆಕಾರವೇ ಸಾಕು ಅಂತ ಎಫ್/8 ಹಿಡಿದಿದ್ದು. ಕಾಟ ಶುರುವಾಗಿದ್ದು ಪಾಲಿಶ್‌ನಲ್ಲಿ. ಫೂಕೋ ಪರೀಕ್ಷೆಗೆ (ಕನ್ನಡಿಯಿಂದ ಮರಳುವ ಬೆಳಕಿಗೆ ಬ್ಲೇಡ್ ಅಡ್ಡ ಹಿಡಿದು ಆಕಾರ ನೋಡುವುದು) ಇಟ್ಟರೆ ನಡುಭಾಗ ಚೆನ್ನಾಗಿದೆ, ಅಂಚು ಮಾತ್ರ ಕೆಳಕ್ಕೆ ಬಾಗಿದೆ. ಬ್ಲೇಡ್ ಸರಿಸಿದಾಗ ಎರಡೂ ಬದಿಗೆ ಸಣ್ಣ ಬೆಳಕಿನ ಗೆರೆ ಬರಬೇಕಲ್ವಾ? ನನ್ನದರಲ್ಲಿ ಒಂದೇ ಕಡೆ.

ಉಜ್ಜುವ ಎಳೆತ (ಸ್ಟ್ರೋಕ್) ಚಿಕ್ಕದು ಮಾಡಿದೆ. ಒತ್ತುವುದು ಕಡಿಮೆ ಮಾಡಿದೆ. ಪಾಲಿಶ್ ಮಾಡುವ ಪಿಚ್ (ರಾಳದಂಥ ಅಂಟು) ಬಿಲ್ಲೆಯ ಸುತ್ತ ಒಂಚೂರು ಕೆರೆದು ಕಿರಿದು ಮಾಡಿದೆ. ಜಪ್ಪಯ್ಯ ಅಂದರೂ ಅಂಚು ಅಲ್ಲಾಡಲಿಲ್ಲ. ಕಳ್ಳ ಪಿಚ್ಚೇ. ಡಬ್ಬಿಯ ಮೇಲೆ 'ಗಟ್ಟಿ' ಅಂತ ಬರೆದಿತ್ತು. ಗೌರಿಬಿದನೂರಿನ ಏಪ್ರಿಲ್ ಬಿಸಿಲಿಗೆ ಅದು ಹರಿಯುತ್ತಾ ಕೂತಿತ್ತು. ಮಾರಿದವರಿಗೆ ಫೋನ್ ಮಾಡಿದರೆ, "ಫ್ರಿಜ್ಜಲ್ಲಿಡಿ ಸಾರ್" ಅಂದರು. ಇದೇ ಮಹಾನುಭಾವರು ಕಳಿಸಿದ ಪಾಲಿಶ್ ಪುಡಿ ಸೀರಿಯಂ ಆಕ್ಸೈಡ್‌ನಲ್ಲಿ ಮರಳೂ ಇತ್ತು. ಅದು ಈಗ ಹಿತ್ತಾಳೆ ಚೊಂಬು ಬೆಳಗಲು ಮೀಸಲು.

ಸರಿ, ಪಿಚ್ ನಾವೇ ಬೇಯಿಸೋಣ ಅಂತ ರಾಳ, ಹರಳೆಣ್ಣೆ ತಂದೆ. ಕೆಲಸ ನಡೆಯುವುದು ನಾನು ಓದುವಾಗ ಇದ್ದ ಬಿಸಿಎಂ ಹಾಸ್ಟೆಲ್ಲಿನ ಹಿಂದಿನ ಜಗುಲಿಯಲ್ಲಿ, ಭಾನುವಾರ, ಹುಡುಗರ ಜೊತೆ. ಎಣ್ಣೆ ಜಾಸ್ತಿಯಾದರೆ ಮೆತ್ತಗೆ, ಕಡಿಮೆಯಾದರೆ ಬಿರುಕು. ಉಗುರು ಒತ್ತಿ ನೋಡುತ್ತಾ ಒದ್ದಾಡುತ್ತಿದ್ದೆ. ಅಡುಗೆಯ ಅಕ್ಕ ಬಾಗಿಲಲ್ಲೇ ನಿಂತು, "ಪಾಕ ಇನ್ನೂ ಬಂದಿಲ್ಲ ಕಣಪ್ಪಾ" ಅಂದರು. ತಣ್ಣೀರಿಗೆ ಒಂದು ಹನಿ ಬಿಟ್ಟು, ಗಟ್ಟಿಯಾದ ಮೇಲೆ ತಟ್ಟೆಗೆ ಹಾಕಿದರೆ ಟಣ್ ಅನ್ನಬೇಕಂತೆ. ಕಡಲೆಮಿಠಾಯಿ ಲೆಕ್ಕ! ಟಣ್ ಅನ್ನುವವರೆಗೂ ಕುದಿಸಿ, ಆಮೇಲೆ ಚೂರೇ ಚೂರು ಎಣ್ಣೆ ಹಾಕಿ ಇಳಿಸಿದೆವು. ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಿ. ಬೆಳಗಿನ ತಂಪಿನಲ್ಲಿ, ತೊಟ್ಟಿ ನೀರು ಚಿಮುಕಿಸಿಕೊಂಡು ಪಾಲಿಶ್ ಮಾಡಿದ ಮೇಲೆ ಎರಡನೇ ಗೆರೆಯೂ ಮೂಡಿತು. ಕೊನೆಯ 3 ಮಿ.ಮೀ. ಮಾತ್ರ ಹಟ ಬಿಡಲಿಲ್ಲ. ಅದಕ್ಕೆ ಕಪ್ಪು ಕಾಗದದ ಉಂಗುರ ಹಾಕಿಬಿಡುತ್ತೇನೆ. ಸುಮಾರು 8% ಬೆಳಕು ಹೋಗುತ್ತೆ, ಹೋಗಲಿ. ಪರಿಪೂರ್ಣತೆ ಬೇಕಾದವರು ಇನ್ನೊಂದು ಬೇಸಿಗೆ ಉಜ್ಜಲಿ.

ಹುಡುಗರಿಗೆ ರೆಡಿ ಟೆಲಿಸ್ಕೋಪ್ ಕೊಂಡು ಕೊಡಬಾರದಾ ಅಂತ ಗೆಳೆಯರು ಕೇಳುತ್ತಾರೆ. ಕೊಡಬಹುದು. ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತೆ. ತಾವೇ ಉಜ್ಜಿದ್ದಾದರೆ ಹುಡುಗರು ಕೀಲಿ ಕಿತ್ತಾದರೂ ಹೊರಗೆ ತರುತ್ತಾರೆ.

ನಮ್ಮ ತಾಲ್ಲೂಕಿನ ಹೊಸೂರಿನ ಬಡವರ ಮನೆಯ ಹುಡುಗ ಎಚ್. ನರಸಿಂಹಯ್ಯ, ಓದಬೇಕು ಅಂತ ಬೆಂಗಳೂರಿಗೆ ನಡೆದೇ ಹೋದವರು. ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡಿ ಬಂದು, ಕೊನೆವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಗೌರಿಬಿದನೂರು, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ನಮ್ಮೂರಲ್ಲೇ ಆ ಕಾಲೇಜು ಇಲ್ಲದಿದ್ದರೆ, ಕೂಲಿ ಮಾಡುವ ಅಮ್ಮ ನನ್ನನ್ನು ಬೆಂಗಳೂರಿಗೆ ಕಳಿಸುವ ಮಾತೇ ಇರಲಿಲ್ಲ. ಬಿ.ಎಸ್ಸಿ. ಆಯಿತು, ಕೆಲಸ ಸಿಕ್ಕಿತು, ಅಮ್ಮ ಕೂಲಿ ಬಿಟ್ಟರು. ಆ ಬಾಕಿಗೆ ಒಂದು ಕನ್ನಡಿ ಏನೂ ಅಲ್ಲ.

ಮುಂದಿನದೂ ತಲೆಯಲ್ಲಿ ಕೂತುಬಿಟ್ಟಿದೆ. 1976ರಿಂದ ನಮ್ಮೂರ ಹತ್ತಿರ ರೇಡಿಯೋ ವೀಕ್ಷಣಾಲಯ ಇದೆ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳುತ್ತಿತ್ತು. ಚಿಕ್ಕವನಿದ್ದಾಗ ಅದರ ಆಂಟೆನಾ ತಂತಿಗಳನ್ನು ಬಟ್ಟೆ ಒಣಹಾಕಲು ಕಟ್ಟಿದ್ದಾರೆ ಅಂದುಕೊಂಡಿದ್ದೆ. ಹಾಸ್ಟೆಲ್ ಮಾಳಿಗೆಯ ಮೇಲೂ ಒಂದು ಡೈಪೋಲ್ (ನಡುವೆ ಸೀಳಿದ ತಂತಿಯ ಆಂಟೆನಾ) ಕಟ್ಟಬೇಕು, ಗುರು ಗ್ರಹದ ರೇಡಿಯೋ ಗದ್ದಲ ಕೇಳಲು. 20.1 ಮೆಗಾಹರ್ಟ್ಸ್‌ಗೆ ಸುಮಾರು 7 ಮೀಟರ್ ತಂತಿ. ಆದರೆ ಪಕ್ಕದ ಬೋರ್‌ವೆಲ್ ಸ್ಟಾರ್ಟರ್ ಗುರುವಿಗಿಂತ ಜೋರಾಗಿ ಕಿರುಚುತ್ತೆ. ಅದಕ್ಕೆ ಫಿಲ್ಟರ್ ಹಾಕಿ ಗೆದ್ದವರು ಯಾರಾದರೂ ಇದ್ದರೆ ಹೇಳಿ. ಹಾಗೇ, ಅಲ್ಯೂಮಿನಿಯಂ ಲೇಪನಕ್ಕೆ ಕೊಟ್ಟ ಕನ್ನಡಿಯನ್ನು ಹೇಳಿದ ತಿಂಗಳಲ್ಲೇ ವಾಪಸ್ ಕೊಡುವವರ ನಂಬರ್ ಇದ್ದರೆ ಅದೂ ಬೇಕು.