“ಕಚ್ತದಾ?” ಅಂತ ಕೇಳುವವರಿಗೆ

ನಮ್ಮ ಗೇಟಿನ ಹತ್ತಿರ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. “ಕಚ್ತದಾ?” ಕೊರಿಯರ್ ಹುಡುಗ ಕೇಳುತ್ತಾನೆ. ಮೀಟರ್ ನೋಡಲು ಬಂದವರು ಕೇಳುತ್ತಾರೆ. ಮದುವೆ ಕಾಗದ ಕೊಡಲು ಬಂದ ನೆಂಟರು ಕೇಳುತ್ತಾರೆ. ರಿಪ್ಪನ್‌ಪೇಟೆಯಲ್ಲಿ ನಾನು ತರಕಾರಿ ಆರಿಸುತ್ತಿದ್ದರೆ ಪಕ್ಕದವರು ಕೇಳುತ್ತಾರೆ. ಆಗ ನಾಯಿ ಮನೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿರುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ.

ಹೌದು, ಕಚ್ಚುತ್ತಾನೆ. ಹಲ್ಲಿರುವ ಯಾವ ನಾಯಿಯಾದರೂ ಕಚ್ಚುತ್ತದೆ. ನಮ್ಮ ಬೊಮ್ಮ ಇಲ್ಲಿಯವರೆಗೆ ಕಚ್ಚಿದ್ದು ಒಂದು ಸಲ, ಅದೂ ನನಗೆ. ಆ ಕತೆ ಮುಂದೆ ಬರುತ್ತದೆ.

ಗೇಟಿನ ಆಚೆ ನಿಂತು ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮಾಡುವುದು ಸರಿ. ಸಿಟ್ಟು ಬರುವುದು ಒಳಗೆ ಬಂದು, ಬಗ್ಗಿ, ಅವನ ತಲೆಯ ಮೇಲೆ ಕೈ ಚಾಚಿಕೊಂಡು ಕೇಳುವವರ ಮೇಲೆ. ನಾನು ಬಾಯಿ ತೆರೆಯುವ ಮೊದಲೇ ಕೈ ಅಲ್ಲಿರುತ್ತದೆ. “ನಂಗೆ ನಾಯಿ ಅಂದ್ರೆ ಪ್ರಾಣ, ನಂಗೇನೂ ಮಾಡಲ್ಲ ಬಿಡಿ” ಅನ್ನುವವರಿಗೆ ನಾನು ಇನ್ನೂ ಹೆದರುತ್ತೇನೆ. ನಿಮಗೆ ನಾಯಿ ಇಷ್ಟ ಅನ್ನುವುದು ನಾಯಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಾಣುವುದು ತಲೆಯ ಮೇಲೆ ಬರುತ್ತಿರುವ ಒಂದು ಗುರುತಿಲ್ಲದ ಕೈ, ಅಷ್ಟೇ.

ಇನ್ನು ಕೆಲವರು ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ. “ಎರಡು ಬಿಗಿದ್ರೆ ಸರಿ ಹೋಗ್ತದೆ.” ಬಿಗಿದಾಗಿದೆ ಮಹರಾಯರೇ. ನಮ್ಮಲ್ಲಿಗೆ ಬರುವ ಮೊದಲೇ ಯಾರೋ ಬೇಕಾದಷ್ಟು ಬಿಗಿದಿದ್ದಾರೆ. ನೀವು ಈಗ ನೋಡುತ್ತಿರುವುದು ಅದರ ಫಲ.

ಬೊಮ್ಮ ರಾಟ್‌ವೀಲರ್. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ಜಾತಿಯ ನಾಯಿಗಳ ಸಾಕಣೆ, ಮಾರಾಟ ನಿಲ್ಲಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತಲ್ಲ, ಆ ಪಟ್ಟಿಯಲ್ಲಿ ರಾಟ್‌ವೀಲರ್ ಕೂಡ ಇತ್ತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಪಟ್ಟಿ ಬಂದ ಸುದ್ದಿ ಹರಡಿದಷ್ಟು ಬೇಗ ರದ್ದಾದ ಸುದ್ದಿ ಹರಡಲಿಲ್ಲ. ಅದೇ ಬೇಸಿಗೆಯಲ್ಲಿ ಶಿವಮೊಗ್ಗದ ಹೊರಗಿನ ಒಂದು ಬಸ್ ಸ್ಟಾಪಿನ ಕಂಬಕ್ಕೆ ಇವನನ್ನು ಯಾರೋ ಕಟ್ಟಿಹಾಕಿ ಹೋಗಿದ್ದರು. ಬೀದಿನಾಯಿಗಳನ್ನು ನೋಡಿಕೊಳ್ಳುವ ಹುಡುಗನೊಬ್ಬ ಬಿಚ್ಚಿಕೊಂಡು ಹೋಗಿ ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದ. ಆರು ವಾರ ಯಾರೂ ಕೇಳಿಕೊಂಡು ಬರಲಿಲ್ಲ. ಜೂನ್‌ನಲ್ಲಿ, ಮಳೆ ಹಿಡಿದ ದಿನ, ನಾವು ಕರೆದುಕೊಂಡು ಬಂದೆವು. ಆಗ 32 ಕೆಜಿ ಇದ್ದ, ಪಕ್ಕೆಲುಬು ಎಣಿಸಬಹುದಿತ್ತು. ಈಗ 48 ಕೆಜಿ.

ಹೀಗೆ ನಾಯಿಯನ್ನು ಉಪವಾಸ ಸಾಯುವ ಹಾಗೆ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? ಹತ್ತು ರೂಪಾಯಿಗೆ ಕಮ್ಮಿ ಇಲ್ಲ, ಐವತ್ತಕ್ಕೆ ಜಾಸ್ತಿ ಇಲ್ಲ. ಅವನ ಕೊರಳಿನಲ್ಲಿದ್ದ ಬೆಲ್ಟಿಗೇ ಅದಕ್ಕಿಂತ ಜಾಸ್ತಿ ಕೊಟ್ಟಿರುತ್ತಾರೆ.

ಬಂದ ಹೊಸದರಲ್ಲಿ ಅವನ ತಟ್ಟೆಯ ಹತ್ತಿರ ಹೋಗುವ ಹಾಗಿರಲಿಲ್ಲ. ಕೊಡೆ ಬಿಡಿಸಿದರೆ ಹಾರಿ ಬೀಳುತ್ತಿದ್ದ. ಮಂಗ ಓಡಿಸಲು ಪಕ್ಕದ ತೋಟದವರು ಗರ್ನಾಲು ಹೊಡೆದರೆ ಮಂಚದ ಕೆಳಗೆ ಸೇರಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದ, ಅಷ್ಟು ದೊಡ್ಡ ಜೀವ. ಎಡಗಿವಿ ಮುಟ್ಟಿದರೆ ಹಲ್ಲು ತೋರಿಸುತ್ತಿದ್ದ. ಇದನ್ನೂ ನಾವು ಸ್ವಭಾವ ಅಂದುಕೊಂಡಿದ್ದೆವು. ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿದಾಗ ಕಿವಿಯ ಒಳಗೆಲ್ಲ ಕೀವು. ನೋವಿಗೆ ಬೈಯುತ್ತಿದ್ದೆವು ನಾವು. ನಾಯಿ ಸಿಡುಕಿದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಬೇರೆ ಮಾತೆಲ್ಲ ಆಮೇಲೆ.

ನಮ್ಮ ಸೀಮೆಯಲ್ಲಿ ನಾಯಿಯನ್ನು ಮುಟ್ಟದೆ ಇರಲು ಆಗುವುದಿಲ್ಲ. ಮಳೆಗಾಲದಲ್ಲಿ ಉಂಬಳ ಕೀಳಬೇಕು. ಮಳೆ ಮುಗಿದ ಮೇಲೆ ಉಣುಗು ಹುಡುಕಬೇಕು, ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ದಿನಾ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣುಗು. ಕಾಡಂಚಿನ ಮನೆಯಲ್ಲಿ ಉಣುಗು ಅಂದರೆ ಸುಮ್ನೆ ಬಿಡುವ ವಿಷಯ ಅಲ್ಲ. ಮುಟ್ಟಿಸಿಕೊಳ್ಳದ ನಾಯಿಯ ಮೈಯಿಂದ ಉಣುಗು ಕೀಳುವುದನ್ನು ಕಲಿಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಒಂದು ಕೈಯಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಂದು ಕೈ ಅವನ ಬೆನ್ನ ಮೇಲೆ. ಮೊದಲ ವಾರ ಬೆನ್ನು ಮಾತ್ರ. ಕಿವಿಗೆ ತಲುಪುವಾಗ ಅಕ್ಟೋಬರ್.

ಈಗ ಕಚ್ಚಿದ ಕತೆ.

ಆ ವರ್ಷದ ದೀಪಾವಳಿ. ನಮ್ಮ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಕೆ ಪಂಟಿಕೆಯವರು ಬರುತ್ತಾರೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿನ ಗಂಡಸರು ಒಂದು ದೀಪ ಹಿಡಿದುಕೊಂಡು, ಅದು ಆರದ ಹಾಗೆ ಕಾಪಾಡಿಕೊಂಡು, ಕತ್ತಲೆಯಲ್ಲಿ ಮನೆಯಿಂದ ಮನೆಗೆ ಹಾಡುತ್ತ ಬರುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆಯಬೇಕು. ಅತ್ತೆ ಅವರಿಗಾಗಿ ಎಷ್ಟು ಹೊತ್ತಾದರೂ ಎದ್ದಿರುತ್ತಾರೆ.

ಬೊಮ್ಮನನ್ನು ಜಗುಲಿ ಪಕ್ಕದ ಕೋಣೆಯಲ್ಲಿ ಹಾಕಿ ಅಗುಳಿ ಜಡಿದಿದ್ದೆ. ನಾನು ಯೋಚಿಸಬೇಕಿತ್ತು. ನಡುರಾತ್ರಿ, ಏಳೆಂಟು ಜನ, ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಟಾರ್ಚು. ಅವನಿಗೆ ಯಾವುದು ಯಾವುದು ಆಗುವುದಿಲ್ಲವೋ ಅದೆಲ್ಲ ಒಟ್ಟಿಗೇ ಹಾಡುತ್ತ ಅಂಗಳಕ್ಕೆ ಬಂತು. ಅಗುಳಿ ಹಳೆಯದು, ಕಿತ್ತು ಬಂತು. ಹೊರಗೆ ಹಾರಿದವನ ಬೆಲ್ಟಿಗೆ ನಾನು ಕೈ ಹಾಕಿದೆ. ಅವನು ತಿರುಗಿದ. ಮುಂಗೈಗೆ ಹಲ್ಲು ಇಳಿಯಿತು.

ಅವನು ಕೂಡಲೇ ಬಿಟ್ಟ. ಹಿಂದೆ ಸರಿದು ತುಳಸಿಕಟ್ಟೆಯ ಆಚೆ ನಿಂತು ಬೊಗಳತೊಡಗಿದ. ಬಾಲ ಹೊಟ್ಟೆಯ ಕೆಳಗೆ ಸೇರಿತ್ತು. ಅಂಗಳದಲ್ಲಿದ್ದವರೆಲ್ಲ ಏನೇನೋ ಅನ್ನುತ್ತಿದ್ದರು. ಅವರಲ್ಲಿ ವಯಸ್ಸಾದವರೊಬ್ಬರು ದೀಪಕ್ಕೆ ಕೈ ಅಡ್ಡ ಹಿಡಿದುಕೊಂಡು ನಿಂತಲ್ಲಿಂದಲೇ ಕೇಳಿದರು. “ಅದು ಯಾವುದಕ್ಕೆ ಹೆದರ್ತಾ ಉಂಟಮ್ಮ? ನಮಗಾ, ಕೋಲಿಗಾ?”

ಐದು ತಿಂಗಳಲ್ಲಿ ಒಬ್ಬರೂ ನನ್ನನ್ನು ಹಾಗೆ ಕೇಳಿರಲಿಲ್ಲ.

“ಕೋಲಿಗೆ” ಅಂದೆ. ಅವರು ಒಂದು ಮಾತು ಹೇಳಿದರು, ಎಲ್ಲರೂ ಕೋಲುಗಳನ್ನು ಹುಲ್ಲಿನ ಗೊಣಬೆಯ ಹಿಂದೆ ಹಾಕಿ ಬಂದರು. ಕಂಬಳಿ ತೆಗೆದು ಮಡಚಿಟ್ಟರು. ಟಾರ್ಚು ಆರಿಸಿ ಚಪ್ಪರದ ಕೆಳಗೆ ಸಾಲಾಗಿ ಕುಳಿತರು, ಅವನಿಗೆ ಮುಖ ಕೊಡದೆ. ನಮ್ಮವರು ಹಬ್ಬದ ಸೌತೆಕಾಯಿ ಕಡುಬನ್ನು ಚೂರು ಮಾಡಿ ಒಂದೊಂದೇ ಎಸೆಯುತ್ತ ಅವನನ್ನು ಕೊಟ್ಟಿಗೆಯ ಕಡೆ ಕರೆದುಕೊಂಡು ಹೋದರು. ನಾನು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ ಕೈ ಹಿಡಿದೆ. ನಾಯಿ ಕಚ್ಚಿದರೆ ಹಾಗೆ 15 ನಿಮಿಷ ತೊಳೆಯಬೇಕು, ಲಸಿಕೆ ಹಾಕಿಸಿದ ನಾಯಿಯೇ ಆದರೂ. ಅಷ್ಟು ಹೊತ್ತೂ ಅವರು ಕಾದರು. ಬಟ್ಟೆ ಸುತ್ತಿದ ಕೈಯಲ್ಲಿ ಎಣ್ಣೆ ಎರೆದೆ. ಅವರು ಹಾಡಿದರು. ಕೊಟ್ಟಿಗೆಯಲ್ಲಿ ಬೊಮ್ಮ ಹಾಡು ಮುಗಿಯುವವರೆಗೂ ಬೊಗಳಿದ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡೆ.

ನನಗೆ ಬೇಕಾದ ಪ್ರಶ್ನೆ ಅದು. “ಕಚ್ತದಾ?” ಅಂತ ಕೇಳಿದರೆ ನಾನು ಹೌದು ಅನ್ನಬೇಕು, ಇಲ್ಲ ಅನ್ನಬೇಕು, ಅಷ್ಟೇ. ಯಾವುದು ಹೇಳಿದರೂ ನಿಮಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. “ಯಾವುದಕ್ಕೆ ಹೆದರ್ತದೆ?” ಅಂತ ಕೇಳಿ. ಎಲ್ಲಿ ನಿಲ್ಲಬೇಕು, ಕೈ ಎಲ್ಲಿರಬೇಕು, ಕೊಡೆ ಏನು ಮಾಡಬೇಕು, ಎಲ್ಲ ಹೇಳುತ್ತೇನೆ.

ಕೋಲಿನ ಭಯ ಇರುವ ನಾಯಿ ಅಡಿಕೆ ತೋಟದ ಮನೆಗೆ ಬಂದು ಸೇರಿದೆ, ನೋಡಿ. ದೀಪಾವಳಿ ಕಳೆದರೆ ನಮ್ಮಲ್ಲಿ ಕೊಯ್ಲು. ಕೊಯ್ಲು ಅಂದರೆ ದೋಟಿ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ಮರ ಹತ್ತದೆ ನೆಲದ ಮೇಲೆ ನಿಂತೇ ಕೊನೆ ಇಳಿಸುತ್ತಾರೆ. ಬೊಮ್ಮನ ಕಣ್ಣಿಗೆ ಅದು ಜಗತ್ತಿನಲ್ಲೇ ಅತಿ ಉದ್ದದ ಕೋಲು. ಕೊಯ್ಲಿಗೆ ಮೊದಲು ದೋಟಿಯನ್ನು ಅಂಗಳದ ಆ ತುದಿಯಲ್ಲಿ ಮಲಗಿಸಿಟ್ಟೆ. ಈ ತುದಿಯಲ್ಲಿ ನಾವಿಬ್ಬರು, ನನ್ನ ಕೈಯಲ್ಲಿ ಬೇಯಿಸಿದ ಕೋಳಿ. ಅವನು ದೋಟಿ ನೋಡಿದರೆ ಒಂದು ಚೂರು. ದಿನಕ್ಕೆ ಎರಡು ಹೆಜ್ಜೆ ಹತ್ತಿರ. ಒಂದು ದಿನ ಆತುರಪಟ್ಟು ನಾಲ್ಕು ಹೆಜ್ಜೆ ಹೋದೆ, ಒಂದು ವಾರ ಹಿಂದಕ್ಕೆ ಹೋದೆವು. ಮೂರನೇ ವಾರದಲ್ಲಿ ದೋಟಿ ಮೂಸಿದ. ಯಾರಾದರೂ ಅದನ್ನು ಎತ್ತಿ ಹಿಡಿದರೆ ಈಗಲೂ ಅವನು ಅಂಗಳದಲ್ಲಿ ನಿಲ್ಲುವುದಿಲ್ಲ, ಒಳಗೆ ಹೋಗುತ್ತಾನೆ. ಹೋಗಲಿ. ಮೇಲೆ ಬೀಳುತ್ತಿದ್ದವನು ಎದ್ದು ಒಳಗೆ ಹೋಗುವುದನ್ನು ಕಲಿತಿದ್ದಾನೆ. ನನಗೆ ಅದು ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ!

ಅವನು ಗುರ್ ಅಂದರೆ ನಾವು ಗದರುವುದಿಲ್ಲ. ಇದನ್ನು ನೋಡಿ ನೆಂಟರಿಗೆ ಸಿಟ್ಟು ಬರುತ್ತದೆ, ಮುದ್ದು ಜಾಸ್ತಿಯಾಯಿತು ಅನ್ನುತ್ತಾರೆ. ಗುರ್ ಅನ್ನುವುದು ಅವನ ಮಾತು. ‘ಸಾಕು, ಹಿಂದೆ ಹೋಗು’ ಅಂತ ಹೇಳುತ್ತಿದ್ದಾನೆ. ಹೊಡೆದು ಆ ಮಾತು ಬಿಡಿಸಿದರೆ ಮುಂದೆ ಅವನು ಹೇಳದೆಯೇ ಕಚ್ಚುತ್ತಾನೆ. ತಟ್ಟೆಯ ವಿಷಯವೂ ಹಾಗೆಯೇ. ತಟ್ಟೆ ಕಸಿದು ‘ಯಜಮಾನ ನಾನು’ ಅಂತ ತೋರಿಸಿ ಅಂದವರು ಬೇಕಾದಷ್ಟು ಜನ. ನಾನು ಮಾಡಿದ್ದು ಅದರ ಉಲ್ಟಾ. ಅವನು ಉಣ್ಣುವಾಗ ದೂರದಿಂದ ಹಾದುಹೋಗುತ್ತ ಮೀನಿನ ತುಂಡು ಎಸೆಯುವುದು. ನಾನು ಬಂದರೆ ತಟ್ಟೆ ಹೋಗುವುದಿಲ್ಲ, ತಟ್ಟೆಗೆ ಇನ್ನೊಂದು ತುಂಡು ಬರುತ್ತದೆ. ಈಗ ನಾನು ಬಂದರೆ ತಲೆ ಎತ್ತಿ ಕಾಯುತ್ತಾನೆ.

ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಹೋಗುವಾಗ ಬಾಯಿಗೆ ಬುಟ್ಟಿ ಹಾಕುತ್ತೇನೆ. “ಪಾಪ, ಹಿಂಸೆ” ಅನ್ನುವವರಿಗೆ ಒಂದು ಮಾತು. ಗದ್ದೆಯಲ್ಲಿ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುವುದಿಲ್ಲವೇ? ಇದೂ ಒಂದು ಕುಕ್ಕೆ. ಒಳಗೆ ಬಾಯಿ ತೆರೆಯಬಹುದು, ನಾಲಿಗೆ ಹೊರಗೆ ಹಾಕಬಹುದು, ನೀರು ಕುಡಿಯಬಹುದು. ನಾಯಿಗೆ ಸೆಕೆ ಆರುವುದೇ ನಾಲಿಗೆಯಿಂದ, ಆದ್ದರಿಂದ ಬಾಯಿಯನ್ನು ಬಿಗಿದು ಕಟ್ಟುವ ಪಟ್ಟಿ ಮಾತ್ರ ಬೇಡ.

“ತೋಟ ಕಾಯ್ಲಿಕ್ಕೆ ಒಳ್ಳೇದಾಯ್ತು, ರಾತ್ರಿ ಹೊರಗೆ ಕಟ್ಟಿ” ಅನ್ನುವವರೂ ಇದ್ದಾರೆ. ನಮ್ಮ ಕೇರಿಯಲ್ಲಿ ಎಷ್ಟು ನಾಯಿಗಳನ್ನು ಚಿರತೆ ಎತ್ತಿಕೊಂಡು ಹೋಗಿದೆ ಅಂತ ಅವರಿಗೂ ಗೊತ್ತು. ಕಟ್ಟಿದ ನಾಯಿಗೆ ಓಡಲು ಕೂಡ ಆಗುವುದಿಲ್ಲ. ಬೊಮ್ಮ ಒಳಗೆ ಮಲಗುತ್ತಾನೆ. ನಾಯಿ ಹೊಸಿಲು ದಾಟಬಾರದು ಅನ್ನುತ್ತಿದ್ದ ಅತ್ತೆ ಈಗ ಅವನಿಗೆ ತಮ್ಮ ಹಳೆಯ ಸೀರೆ ಹಾಸುತ್ತಾರೆ. ದೇವರ ಕೋಣೆಯ ಬಾಗಿಲು ಮಾತ್ರ ಹಾಕಿರುತ್ತದೆ.

“ನಾವೂ ಇಂಥದೊಂದು ತರಬಹುದಾ?” ಅಂತ ಅಪರೂಪಕ್ಕೆ ಯಾರಾದರೂ ಕೇಳುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇಡ ಅನ್ನುತ್ತೇನೆ. ನಾದಿನಿಯ ಮಕ್ಕಳು ಬಂದಾಗ ಅವರಿಗೂ ಅವನಿಗೂ ನಡುವೆ ಎರಡು ಬಾಗಿಲು ಇರುತ್ತದೆ, ಯಾವಾಗಲೂ. ದಣಪೆ ಇದ್ದ ಜಾಗಕ್ಕೆ ಕಬ್ಬಿಣದ ಗೇಟು ಹಾಕಿಸಿದ್ದೇವೆ. ಎರಡು ಮಳೆಗಾಲದಿಂದ ನಾವಿಬ್ಬರೂ ಒಟ್ಟಿಗೆ ಯಾವ ಮದುವೆಗೂ ಹೋಗಿಲ್ಲ. ಇದಕ್ಕೆಲ್ಲ ಒಪ್ಪಿಗೆ ಇದ್ದರೆ ತನ್ನಿ. ನಾನು ನಿಮ್ಮ ಮನೆಗೇ ಬಂದು ಜೊತೆಗೆ ಕೂರುತ್ತೇನೆ.

ಹೋದ ದೀಪಾವಳಿಗೆ ಅಂಟಿಕೆ ಪಂಟಿಕೆಯವರು ಮತ್ತೆ ಬಂದರು. ಈ ಸಲ ಹೊಸ ಅಗುಳಿ, ಒಳಕೋಣೆ, ಅವನ ಜೊತೆಗೆ ನಮ್ಮವರು. ಹಾಡು ಗದ್ದೆಯ ಏರಿಯ ಮೇಲೆ ಕೇಳುತ್ತಿತ್ತು, ಗೇಟಿನ ಹತ್ತಿರ ನಿಂತಿತು. ಅದೇ ಹಿರಿಯರ ದನಿ. “ಕೋಲು ಹೊರಗೇ ಇಟ್ಟಿದ್ದೇವಮ್ಮ, ಬರಬಹುದಾ?”

ಒಳಗಿಂದ ಬೊಮ್ಮ ಎರಡು ಸಲ ಬೊಗಳಿದ. ನಾನು ಎಣ್ಣೆಯ ಗಿಂಡಿ ಹಿಡಿದುಕೊಂಡು ಗೇಟು ತೆಗೆಯಲು ಹೋದೆ.